ನೂರು ಮೈಕ್ರೋಗ್ರಾಮಿನ ಸೇರು

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಶಿವಮೊಗ್ಗದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟು ಹೋದದ್ದನ್ನು ಮಾತ್ರ ತಿದ್ದಲಿಕ್ಕೆ ಆಗಲಿಲ್ಲ.

ಎಲ್ಲರಿಗೂ ನಮಸ್ಕಾರ.

ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಬಳಿ ಬಿದ್ದಿರುವ ಕೊಡೆಗಳ ರಾಶಿ ನೋಡಿದರೆ, ಹೋಗುವಾಗ ಯಾರ ಕೊಡೆ ಯಾರ ಪಾಲಾಗುತ್ತದೋ ಅಂತ ಈಗಲೇ ಚಿಂತೆ. ನಾನು ಹೊಸನಗರದ ಕಡೆಯವನು. ಕೆಲಸ ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಪ್ರೋಟೀನ್ ತಯಾರಿಸುವುದು ನನ್ನ ಕೆಲಸ.

ಈ ಶೀಶೆ ನೋಡಿ. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ, ಗೊತ್ತು. ನನಗೇ ಕನ್ನಡಕ ಬೇಕು. ಹೆಬ್ಬೆರಳಿನ ಅರ್ಧದಷ್ಟಿದೆ. ತಳದಲ್ಲಿ ಕಂದು ಬಣ್ಣದ ಏನೋ ಅಂಟಿಕೊಂಡ ಹಾಗಿದೆ, ಅಷ್ಟೇ. ಚೀಟಿಯ ಮೇಲೆ ಹೀಗಿದೆ: ಮಾನವ ಮಯೋಗ್ಲೋಬಿನ್, ರೀಕಾಂಬಿನೆಂಟ್, 100 ಮೈಕ್ರೋಗ್ರಾಂ, ಸಂಶೋಧನೆಗೆ ಮಾತ್ರ. ಅಂದರೆ ಮನುಷ್ಯರ ಸ್ನಾಯುವಿನಲ್ಲಿರುವ ಒಂದು ಪ್ರೋಟೀನ್. ಆದರೆ ಯಾವ ಮನುಷ್ಯನ ಮೈಯಿಂದಲೂ ತೆಗೆದದ್ದಲ್ಲ. ಬ್ಯಾಕ್ಟೀರಿಯಾ ಕೈಲಿ ಮಾಡಿಸಿದ್ದು.

ನನ್ನ ಅಕ್ಕನ ಮಗ ಇದೇ ಊರಲ್ಲಿ ಜಿಮ್‌ಗೆ ಹೋಗುತ್ತಾನೆ. ಹೋದ ಸಲ ಬಂದಾಗ ಕೇಳಿದ: "ಮಾವ, ನೀವು ಮನುಷ್ಯರ ಮಸಲ್ ಪ್ರೋಟೀನ್ ಮಾಡ್ತೀರಂತೆ. ಒಂದು ಡಬ್ಬ ನಂಗೂ ತನ್ನಿ." ನಾನು ಲೆಕ್ಕ ಹೇಳಿದೆ. ಒಂದು ಗ್ರಾಂ ಆಗಬೇಕಾದರೆ ಇಂಥ ಹತ್ತು ಸಾವಿರ ಶೀಶೆ ಬೇಕು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಒಂದು ಮೊಟ್ಟೆಗೆ ಅರವತ್ತು ಸಾವಿರ ಶೀಶೆ. ಅಷ್ಟು ಶೀಶೆ ಕೊಳ್ಳಬೇಕಾದರೆ ಭಾವನ ತೋಟ ಮಾರಬೇಕು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದ: "ತಿನ್ನೋಕೂ ಆಗಲ್ಲ, ಔಷಧೀನೂ ಅಲ್ಲ. ಮತ್ಯಾಕೆ ಮಾಡ್ತೀರಿ?"

ಇವತ್ತಿನ ಮಾತೆಲ್ಲ ಅವನ ಆ ಪ್ರಶ್ನೆಗೆ ಉತ್ತರ. ಅವನು ಮಾತ್ರ ಬಂದಿಲ್ಲ. ಜಿಮ್‌ಗೆ ಹೋಗಿದ್ದಾನೆ.

ಮೊದಲು ಮಯೋಗ್ಲೋಬಿನ್ ಅಂದರೆ ಏನು ಅಂತ ನೋಡೋಣ. ಸಸ್ಯಾಹಾರಿಗಳು ಕ್ಷಮಿಸಿ, ಉದಾಹರಣೆ ಕೋಳಿಯದೇ ಕೊಡಬೇಕು. ಕೋಳಿಯ ಎದೆಯ ಮಾಂಸ ಬಿಳಿಚಿಕೊಂಡಿರುತ್ತದೆ. ಕಾಲಿನದು ಕೆಂಪಗಿರುತ್ತದೆ. ಕೋಳಿ ದಿನವಿಡೀ ನಡೆಯುತ್ತದೆ, ಕೆದಕುತ್ತದೆ. ಹಾರುವುದು ನಾಯಿ ಬಂದಾಗ ಮಾತ್ರ. ಇಡೀ ದಿನ ದುಡಿಯುವ ಸ್ನಾಯುವಿಗೆ ಆಮ್ಲಜನಕದ ಸಣ್ಣ ದಾಸ್ತಾನು ಬೇಕು. ಆ ದಾಸ್ತಾನನ್ನು ಹಿಡಿದಿಟ್ಟುಕೊಳ್ಳುವುದೇ ಮಯೋಗ್ಲೋಬಿನ್. ಅದರ ಹೊಟ್ಟೆಯೊಳಗೆ ಹೀಮ್ ಅಂತ ಒಂದು ಚಪ್ಪಟೆ ಉಂಗುರ ಇದೆ. ಉಂಗುರದ ನಡುವೆ ಕಬ್ಬಿಣದ ಒಂದು ಪರಮಾಣು. ಮಾಂಸದ ಕೆಂಪು ಬಣ್ಣ ಹೆಚ್ಚಿನ ಪಾಲು ರಕ್ತದ್ದಲ್ಲ, ಇದರದು. ಎಲೆಯ ಹಸಿರಿನಲ್ಲೂ ಇದೇ ಜಾತಿಯ ಉಂಗುರ ಇದೆ. ಕಬ್ಬಿಣದ ಜಾಗದಲ್ಲಿ ಮೆಗ್ನೀಶಿಯಂ ಕೂತಿರುತ್ತದೆ. ನಮ್ಮ ಕಾಡಿನ ಹಸಿರಿಗೂ ಕೋಳಿಕಾಲಿನ ಕೆಂಪಿಗೂ ದಾಯಾದಿ ಸಂಬಂಧ, ಅಲ್ವಾ.

ಅಡಿಕೆ ಕೊನೆ ತೆಗೆಯುವವರನ್ನು ನೆನಪು ಮಾಡಿಕೊಳ್ಳಿ. ಒಂದು ಮರ ಹತ್ತಿ, ಅಲ್ಲಿಂದಲೇ ಬಾಗಿ ಪಕ್ಕದ ಮರಕ್ಕೆ ದಾಟುತ್ತಾರೆ. ತೊಡೆ ಬಿಗಿದಾಗ ಸ್ನಾಯುವೇ ತನ್ನೊಳಗಿನ ರಕ್ತನಾಳಗಳನ್ನು ಒತ್ತುತ್ತದೆ. ರಕ್ತ ಬರುವುದು ಕಡಿಮೆಯಾಗುತ್ತದೆ. ಅಂಥ ಹೊತ್ತಿಗೆ ಒಳಗಿರುವ ದಾಸ್ತಾನು ನೆರವಿಗೆ ಬರುತ್ತದೆ. ನೀರಲ್ಲಿ ಮುಳುಗುವ ಪ್ರಾಣಿಗಳಲ್ಲಿ ಈ ದಾಸ್ತಾನು ಇನ್ನೂ ಜಾಸ್ತಿ. ಸ್ಪರ್ಮ್ ತಿಮಿಂಗಿಲದ ಮಾಂಸ ಹೆಚ್ಚುಕಡಿಮೆ ಕಪ್ಪಗೇ ಕಾಣುತ್ತದೆ, ಅಷ್ಟು ಮಯೋಗ್ಲೋಬಿನ್.

ತಿಮಿಂಗಿಲದ ಹೆಸರು ಬಂದ ಮೇಲೆ ಕೆಂಡ್ರೂ ಅವರ ಕಥೆ ಹೇಳಲೇಬೇಕು. ಕೇಂಬ್ರಿಜ್‌ನ ಜಾನ್ ಕೆಂಡ್ರೂ, ಪ್ರೋಟೀನ್ ಅನ್ನುವ ವಸ್ತುವಿನ ಆಕಾರ ಹೇಗಿರುತ್ತದೆ ಅಂತ ಕಂಡುಹಿಡಿಯಲು ಹೊರಟರು. ಅದಕ್ಕೆ ಪ್ರೋಟೀನಿನ ಹರಳು ಬೇಕು. ಕಲ್ಲುಸಕ್ಕರೆ ಕಟ್ಟುತ್ತದಲ್ಲ, ಹಾಗೆ. ಮೊದಲು ಕುದುರೆಯ ಮಯೋಗ್ಲೋಬಿನ್ ತಗೊಂಡರು. ಹರಳು ತೀರಾ ಸಣ್ಣದು ಬಂತು. ಆಮೇಲೆ ಪೆರು ದೇಶದಿಂದ ಬಂದ ತಿಮಿಂಗಿಲದ ಮಾಂಸದಲ್ಲಿ ದೊಡ್ಡ ಹರಳು ಕಟ್ಟಿತು. 1958ರಲ್ಲಿ ಮೊದಲ ಸಲ ಒಂದು ಪ್ರೋಟೀನಿನ ಆಕಾರ ಮನುಷ್ಯರ ಕಣ್ಣಿಗೆ ಬಿತ್ತು. ಎಲ್ಲರೂ ಏನೋ ಸುಂದರವಾದ, ಅಚ್ಚುಕಟ್ಟಾದ ಆಕಾರ ಇರುತ್ತದೆ ಅಂದುಕೊಂಡಿದ್ದರು. ನೋಡಿದರೆ ಕರುಳು ಸುತ್ತಿಟ್ಟ ಹಾಗೆ ಒಂದು ಗಂಟು! 1962ರಲ್ಲಿ ಕೆಂಡ್ರೂ ಅವರಿಗೆ ನೊಬೆಲ್ ಬಂತು. ಜತೆಗೆ ಮ್ಯಾಕ್ಸ್ ಪೆರುಟ್ಜ್ ಅವರಿಗೂ ಬಂತು. ಅವರದು ರಕ್ತದ ಹೀಮೋಗ್ಲೋಬಿನ್ ಮೇಲಿನ ಕೆಲಸ.

ಆ ಕಾಲದ ಕಷ್ಟ ಗಮನಿಸಿ. ಪ್ರೋಟೀನ್ ಬೇಕಾದರೆ ಪ್ರಾಣಿ ಬೇಕು. ಅದೂ ರಾಶಿ ಮಾಂಸ. ಮನುಷ್ಯರ ಪ್ರೋಟೀನ್ ಬೇಕಾದರೆ? ಸತ್ತವರ ಸ್ನಾಯು, ಇಲ್ಲವೇ ಆಪರೇಶನ್‌ನಲ್ಲಿ ತೆಗೆದ ತುಂಡು. ಪ್ರತಿ ಸಲವೂ ಬೇರೆ ಮನುಷ್ಯ, ಬೇರೆ ವಯಸ್ಸು, ಬೇರೆ ಕಾಯಿಲೆ. ಇವತ್ತು ಸಿಕ್ಕಿದ್ದು ನಾಳೆ ಸಿಗುವುದಿಲ್ಲ.

(ಇಲ್ಲಿ ಕರೆಂಟು ಹೋಯಿತು. ಜತೆಗೆ ನನ್ನ ಸ್ಲೈಡುಗಳೂ ಹೋದವು. ಮುಂದಿನ ಸಾಲಿನ ಹುಡುಗರು ಮೊಬೈಲ್ ಟಾರ್ಚ್ ಹಿಡಿದರು.)

ಪರವಾಗಿಲ್ಲ. ಮಲೆನಾಡಲ್ಲಿ ಮಳೆಗಾಲಕ್ಕೆ ಸ್ಲೈಡ್ ನಂಬಿಕೊಂಡು ಬಂದದ್ದೇ ನನ್ನ ತಪ್ಪು. ಟಾರ್ಚ್ ಬೆಳಕಿಗೆ ಹೇಳಿ ಮಾಡಿಸಿದ ಒಂದು ಆಟ ನನ್ನ ಚೀಲದಲ್ಲಿದೆ. ಈ ನಳಿಗೆಯಲ್ಲಿರುವುದು ಕುದುರೆಯ ಮಯೋಗ್ಲೋಬಿನ್. ಮನುಷ್ಯರದ್ದು ಹೀಗೆಲ್ಲ ಅಲ್ಲಾಡಿಸಿ ತೋರಿಸಲು ತುಂಬಾ ದುಬಾರಿ. ಬಣ್ಣ ನೋಡಿ, ಕಂದು. ಬೆಳಿಗ್ಗೆ ಕೊಯ್ದ ಮಾಂಸ ಸಂಜೆಗೆ ಕಂದು ತಿರುಗುವುದನ್ನು ಅಂಗಡಿಯಲ್ಲಿ ನೋಡಿರುತ್ತೀರಿ. ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡಿದೆ. ಈ ಸ್ಥಿತಿಯಲ್ಲಿ ಅದು ಆಮ್ಲಜನಕ ಹಿಡಿಯುವುದಿಲ್ಲ.

ಈಗ ಒಂದು ಚಿಟಿಕೆ ಸೋಡಿಯಂ ಡೈಥಯೊನೈಟ್ ಹಾಕುತ್ತೇನೆ. ಹೆಸರು ಕೇಳಿ ಹೆದರಬೇಡಿ, ನಿಮಗೆ ಗೊತ್ತಿರುವ ವಸ್ತುವೇ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಕೆಲವು ಆಲೆಮನೆಗಳಲ್ಲಿ ಸುರಿಯುವ ಹೈಡ್ರೋಸ್ ಇದೇ. ಬೆಲ್ಲಕ್ಕೆ ಹಾಕಬಾರದು, ಇಲ್ಲಿ ಹಾಕಬಹುದು. ನೋಡಿ, ಕಂದು ಹೋಗಿ ನೇರಳೆ ಕಡೆಗೆ ತಿರುಗಿತು. ಕಬ್ಬಿಣಕ್ಕೆ ಎಲೆಕ್ಟ್ರಾನ್ ವಾಪಸ್ ಬಂತು. ಈಗ ಗಾಳಿ ಸೇರುವಂತೆ ಕುಲುಕುತ್ತೇನೆ. ಇನ್ನೊಂದು ಸಲ. ಕೆಂಪಾಯಿತಾ? ಆಮ್ಲಜನಕ ಬಂದು ಕೂತಿತು. ನಿಮ್ಮ ತೊಡೆಯಲ್ಲಿ ಈಗ ನಡೆಯುತ್ತಿರುವುದೂ ಇದೇ. ಹತ್ತುವಾಗ ನೇರಳೆ, ಕೂತಾಗ ಕೆಂಪು.

ಸರಿ, ಇದನ್ನು ಬ್ಯಾಕ್ಟೀರಿಯಾ ಕೈಲಿ ಮಾಡಿಸುವುದು ಹೇಗೆ?

ಪ್ರತಿ ಪ್ರೋಟೀನಿಗೂ ಡಿಎನ್‌ಎ ಭಾಷೆಯಲ್ಲಿ ಒಂದು ಬರಹ ಇದೆ. ಅದೇ ಜೀನ್. ಆ ಭಾಷೆ ಮನುಷ್ಯರಿಗೂ ಬ್ಯಾಕ್ಟೀರಿಯಾಕ್ಕೂ ಒಂದೇ. 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಕಡೆಯ ಡಿಎನ್‌ಎ ತುಂಡನ್ನು ಇನ್ನೊಂದಕ್ಕೆ ಕಸಿ ಮಾಡಿ ಬ್ಯಾಕ್ಟೀರಿಯಾದೊಳಗೆ ಬಿಟ್ಟು ಬೆಳೆಸಿ ತೋರಿಸಿದರು. ರೀಕಾಂಬಿನೆಂಟ್ ಅಂದರೆ ಇಷ್ಟೇ, ಮರುಜೋಡಣೆ ಮಾಡಿದ್ದು. ಈ ಹಾದಿಯಲ್ಲಿ ಮೊದಲು ಮನೆಮನೆಗೆ ಬಂದದ್ದು ಇನ್ಸುಲಿನ್. 1978ರಲ್ಲಿ ಬ್ಯಾಕ್ಟೀರಿಯಾದಲ್ಲಿ ಮನುಷ್ಯರ ಇನ್ಸುಲಿನ್ ತಯಾರಾಯಿತು. 1982ರಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಈ ಸಭೆಯಲ್ಲಿ ಇನ್ಸುಲಿನ್ ತಗೊಳ್ಳುವವರು ಕೆಲವರಾದರೂ ಇರುತ್ತೀರಿ. ನಿಮ್ಮ ಫ್ರಿಜ್‌ನಲ್ಲಿ ರೀಕಾಂಬಿನೆಂಟ್ ಪ್ರೋಟೀನ್ ಆಗಲೇ ಇದೆ.

ಮಯೋಗ್ಲೋಬಿನ್ ವಿಷಯಕ್ಕೆ ಬಂದರೆ ನಮ್ಮ ರಾಜ್ಯಕ್ಕೂ ಒಂದು ನಂಟಿದೆ. ಮನುಷ್ಯರ ಮಯೋಗ್ಲೋಬಿನ್ನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿ 1985ರಲ್ಲಿ ವರದಿ ಮಾಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮೂವರು. ಅವರಲ್ಲಿ ಮೊದಲ ಹೆಸರು ರಾಘವನ್ ವರದರಾಜನ್. ಆಗ ಅವರು ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರು ಮಾಡಿದಾಗ ಹೀಮ್ ಉಂಗುರವನ್ನು ಆಮೇಲೆ ಹೊರಗಿನಿಂದ ಕೂರಿಸಬೇಕಾಯಿತು. 1987ರಲ್ಲಿ ಬೇರೊಂದು ತಂಡ ತಿಮಿಂಗಿಲದ ಮಯೋಗ್ಲೋಬಿನ್ ಮಾಡಿತು. ಆಗ ಬ್ಯಾಕ್ಟೀರಿಯಾವೇ ತನ್ನ ಹೀಮ್ ತಾನೇ ಹಾಕಿಕೊಂಡಿತು. ಬೂದು ಬಣ್ಣದ ಬ್ಯಾಕ್ಟೀರಿಯಾ ಕೆಂಗಂದು ಬಣ್ಣಕ್ಕೆ ತಿರುಗಿತು. ತಿಮಿಂಗಿಲ ಸಮುದ್ರದಲ್ಲೇ ಉಳಿಯಿತು.

ಈಗ ಲ್ಯಾಬಿನ ಕೆಲಸ. ಮಯೋಗ್ಲೋಬಿನ್ನಿನ ಬರಹವನ್ನು ಒಂದು ಸಣ್ಣ ಡಿಎನ್‌ಎ ಬಳೆಗೆ ಸೇರಿಸುತ್ತೇವೆ. ಅದರ ಹೆಸರು ಪ್ಲಾಸ್ಮಿಡ್. ಬರಹದ ಮುಂದೆ ಒಂದು ಸ್ವಿಚ್. ಈ ಸ್ವಿಚ್ ಬ್ಯಾಕ್ಟೀರಿಯಾದಿಂದಲೇ ಕಡ ತಂದದ್ದು. ಹಾಲಿನ ಸಕ್ಕರೆ ಸಿಕ್ಕಿದಾಗ ಮಾತ್ರ ಅದನ್ನು ಜೀರ್ಣಿಸುವ ಸಾಮಾನು ಮಾಡಿಕೊಳ್ಳೋಣ, ಇಲ್ಲದಿದ್ದರೆ ಸುಮ್ನೆ ಯಾಕೆ ಖರ್ಚು ಅನ್ನುವ ಜಿಪುಣ ಬುದ್ಧಿ ಇ. ಕೋಲೈಗೆ ಇದೆ. ಆ ಸ್ವಿಚ್ಚಿಗೆ ನಮ್ಮ ಜೀನ್ ಕಟ್ಟಿಬಿಡುತ್ತೇವೆ. ಹಾಲಿನ ಸಕ್ಕರೆಯ ಹಾಗೆ ನಟಿಸುವ ಐಪಿಟಿಜಿ ಅನ್ನುವ ರಾಸಾಯನಿಕ ಹಾಕಿದರೆ ಸ್ವಿಚ್ ಆನ್. ಅದು ಹಾಲು ಬಂತು ಅಂದುಕೊಂಡು ದುಡಿಯುತ್ತದೆ. ಬರುವುದು ಮಯೋಗ್ಲೋಬಿನ್.

ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವರಿಗೆ ಉಳಿದದ್ದು ಹೊಸದಲ್ಲ. ಯೀಸ್ಟಿನ ಸಾರ, ಉಪ್ಪು, ಮುರಿದ ಪ್ರೋಟೀನ್ ಸೇರಿದ ಗಂಜಿಯಂಥ ದ್ರವ. ಅದಕ್ಕೆ ಒಂದಿಷ್ಟು ಬ್ಯಾಕ್ಟೀರಿಯಾ. 37 ಡಿಗ್ರಿ ಶಾಖ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹೊಟ್ಟೆಗೆ ಕಡಿಮೆಯಾಗದಿದ್ದರೆ ಹತ್ತು ತಾಸಿಗೆ ಒಂದು ಬ್ಯಾಕ್ಟೀರಿಯಾ ನೂರು ಕೋಟಿ ದಾಟುತ್ತದೆ. ಒಂದು ಹಂತಕ್ಕೆ ಬಂದಾಗ ಸ್ವಿಚ್ ಹಾಕಿ, ಶಾಖ ಇಳಿಸಿ, ರಾತ್ರಿಯಿಡೀ ಬಿಡುತ್ತೇವೆ.

ಶಾಖ ಯಾಕೆ ಇಳಿಸಬೇಕು ಅಂತ ನಾನು ಕಲಿತದ್ದು ಕೆಡಿಸಿಕೊಂಡೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇಗ ಮುಗಿಸಿ ಊರಿಗೆ ಬಸ್ ಹಿಡಿಯೋಣ ಅಂತ 37ರಲ್ಲೇ ಓಡಿಸಿದೆ. ಪ್ರೋಟೀನ್ ಏನೋ ರಾಶಿ ಬಂತು. ಆದರೆ ಎಲ್ಲವೂ ಮುದ್ದೆಯಾಗಿ ತಳಕ್ಕೆ ಕೂತಿತ್ತು. ಅವಸರದಲ್ಲಿ ಮಾಡಿದ ಪ್ರೋಟೀನಿಗೆ ಸರಿಯಾಗಿ ಮಡಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಯೋಗ್ಲೋಬಿನ್‌ಗೆ ಇನ್ನೊಂದು ತೊಡಕೂ ಇದೆ. ಹೀಮ್ ಸಾಲದೆ ಹೋಗುತ್ತದೆ. ಮನೆ ಕಟ್ಟಿಯಾಯಿತು, ಒಳಗಿಡಲು ದೀಪ ಇಲ್ಲ ಅಂದ ಹಾಗೆ. ಅದಕ್ಕೆ ಹೀಮ್ ತಯಾರಿಸಲು ಬೇಕಾದ ಕಚ್ಚಾ ಸಾಮಾನನ್ನೂ ಗಂಜಿಗೆ ಬೆರೆಸುತ್ತೇವೆ. ಆ ಸಲ ಬಸ್ಸೂ ತಪ್ಪಿತು.

ಬೆಳಿಗ್ಗೆ ಬ್ಯಾಕ್ಟೀರಿಯಾವನ್ನು ಜೋರಾಗಿ ತಿರುಗಿಸಿ ತಳಕ್ಕಿಳಿಸಿ, ಮಂಜುಗಡ್ಡೆಯ ಮೇಲಿಟ್ಟು ಶಬ್ದದ ಅಲೆಯಿಂದ ಒಡೆಯುತ್ತೇವೆ. ಈಗ ಬರುವ ರಸದಲ್ಲಿ ಬ್ಯಾಕ್ಟೀರಿಯಾದ್ದೇ ಸಾವಿರಾರು ಪ್ರೋಟೀನ್. ನಮ್ಮದನ್ನು ಮಾತ್ರ ಹೆಕ್ಕಬೇಕು. ಇದಕ್ಕೊಂದು ಉಪಾಯ ಇದೆ. ಬರಹ ಬರೆಯುವಾಗಲೇ ಪ್ರೋಟೀನಿನ ತುದಿಗೆ ಹಿಸ್ಟಿಡೀನ್ ಅನ್ನುವ ಅಮೈನೋ ಆಮ್ಲವನ್ನು, ಅಂದರೆ ಪ್ರೋಟೀನ್ ಸರದ ಒಂದು ಕೊಂಡಿಯನ್ನು, ಆರು ಸಲ ಬರೆದುಬಿಡುವುದು. ಆರು ಹಿಸ್ಟಿಡೀನ್‌ಗಳ ಬಾಲಕ್ಕೆ ನಿಕ್ಕಲ್ ಕಂಡರೆ ಪ್ರೀತಿ. ನಿಕ್ಕಲ್ ಹಚ್ಚಿದ ಮಣಿಗಳ ಕೊಳವೆಯಲ್ಲಿ ರಸ ಇಳಿಸಿದರೆ ಬಾಲ ಇದ್ದದ್ದು ಹಿಡಿದುಕೊಂಡು ನಿಲ್ಲುತ್ತದೆ. ಉಳಿದದ್ದು ಹರಿದುಹೋಗುತ್ತದೆ. ಮಯೋಗ್ಲೋಬಿನ್ ಆದರೆ ಕೊಳವೆಯ ಮೇಲ್ಭಾಗದಲ್ಲಿ ಕೆಂಪು ಪಟ್ಟಿ ನಿಂತದ್ದು ಬರಿಗಣ್ಣಿಗೆ ಕಾಣುತ್ತದೆ. ಹೆಚ್ಚಿನ ಪ್ರೋಟೀನುಗಳಿಗೆ ಬಣ್ಣವೇ ಇಲ್ಲ, ನಂಬಿಕೆಯ ಮೇಲೆ ಕೆಲಸ. ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದರೂ ಆ ಕೆಂಪು ಪಟ್ಟಿ ಇಳಿಯುವುದನ್ನು ನೋಡುತ್ತಾ ನಿಲ್ಲುತ್ತೇನೆ. ಲ್ಯಾಬಿನ ಹುಡುಗಿಯರು ನಗುತ್ತಾರೆ.

ಇಷ್ಟು ಮಾಡಿ ಕೈಗೆ ಬರುವುದು ಕೆಲವೇ ಮಿಲಿಗ್ರಾಂ. ಅದನ್ನು ಸಣ್ಣ ಸಣ್ಣ ಪಾಲು ಮಾಡಿ ಘನೀಕರಿಸುತ್ತೇವೆ. ಪದೇ ಪದೇ ಕರಗಿಸಿ ಗಟ್ಟಿ ಮಾಡಿದರೆ ಕೆಡುತ್ತದೆ.

ಈಗ ಅಕ್ಕನ ಮಗನ ಪ್ರಶ್ನೆಗೆ ಬರುತ್ತೇನೆ. ಯಾಕೆ ಮಾಡುತ್ತೀರಿ?

ನನ್ನ ಅಜ್ಜಿಯ ಮನೆಯಲ್ಲಿ ಒಂದು ಹಿತ್ತಾಳೆ ಸೇರು ಇತ್ತು. ಯಾರೋ ಎತ್ತಿ ಹಾಕಿ ತಳ ಒಳಕ್ಕೆ ನೆಗ್ಗಿತ್ತು. ಅದರಲ್ಲಿ ಅಕ್ಕಿ ಅಳೆದರೆ ಪ್ರತಿ ಸಲ ಒಂದು ಹಿಡಿ ಕಡಿಮೆ. ಅಜ್ಜಿಗೆ ಅದು ಗೊತ್ತು. ಕೊಡುವಾಗ ಸೇರಿನ ಮೇಲೆ ಒಂದು ಹಿಡಿ ಹಾಕುತ್ತಿದ್ದಳು. ಅಜ್ಜಿ ಹೋದ ಮೇಲೆ ಹಿಡಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮನೆಯವರ ಲೆಕ್ಕ ಎಷ್ಟು ಸಲ ಮಾಡಿದರೂ ಕಣಜದ ಲೆಕ್ಕಕ್ಕೆ ಕೂಡುತ್ತಿರಲಿಲ್ಲ.

ರಕ್ತಪರೀಕ್ಷೆಯ ಕಥೆಯೂ ಹೀಗೇ. ಸ್ನಾಯು ಜಜ್ಜಿದರೆ, ಸತ್ತರೆ, ಒಳಗಿನ ಮಯೋಗ್ಲೋಬಿನ್ ಸೋರಿ ರಕ್ತಕ್ಕೆ ಬರುತ್ತದೆ. ಹೃದಯಾಘಾತ ಆದಾಗಲೂ ಬರುತ್ತದೆ, ಒಂದೆರಡು ತಾಸಿನಲ್ಲೇ ಏರಲು ಶುರುವಾಗುತ್ತದೆ. ಆರೋಗ್ಯವಂತರ ರಕ್ತದಲ್ಲಿ ಮಿಲಿಲೀಟರಿಗೆ ನೂರು ನ್ಯಾನೊಗ್ರಾಂ ಒಳಗಿರುತ್ತದೆ. ನ್ಯಾನೊಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನು ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಯಂತ್ರ ಬಣ್ಣದ ಗಾಢತೆಯನ್ನೋ ಬೆಳಕನ್ನೋ ಅಳೆಯುತ್ತದೆ. ಆದರೆ ಇಷ್ಟು ಬೆಳಕು ಅಂದರೆ ಎಷ್ಟು ನ್ಯಾನೊಗ್ರಾಂ? ಯಂತ್ರಕ್ಕೆ ಅದನ್ನು ಯಾರಾದರೂ ಮೊದಲು ಹೇಳಿಕೊಡಬೇಕು. ಎಷ್ಟಿದೆ ಅಂತ ಖಚಿತವಾಗಿ ಗೊತ್ತಿರುವ ಐದಾರು ದ್ರಾವಣ ಇಟ್ಟು, ಇದು ಹತ್ತು, ಇದು ಐವತ್ತು, ಇದು ಇನ್ನೂರು ಅಂತ ತೋರಿಸಬೇಕು. ಆಮೇಲೆ ನಿಮ್ಮ ರಕ್ತ ಇಟ್ಟರೆ ಅದು ಹೋಲಿಸಿ ಹೇಳುತ್ತದೆ.

ಆ ಗೊತ್ತಿರುವ ದ್ರಾವಣಕ್ಕೆ ಬೇಕಾದದ್ದೇ ಈ ಶೀಶೆಯಂಥದ್ದು. ಇದರಲ್ಲಿರುವ ನೂರು ಮೈಕ್ರೋಗ್ರಾಮನ್ನು ಒಂದು ಲೀಟರಿಗೆ ಕದಡಿದರೆ ಮಿಲಿಲೀಟರಿಗೆ ಸರಿಯಾಗಿ ನೂರು ನ್ಯಾನೊಗ್ರಾಂ. ಇದೇ ನಮ್ಮ ಸೇರು. ಊಟಕ್ಕಲ್ಲ, ಅಳತೆಗೆ. ಸೇರನ್ನು ಯಾರೂ ಬೇಯಿಸಿ ತಿನ್ನುವುದಿಲ್ಲವಲ್ಲ.

ಚುಚ್ಚಿಕೊಳ್ಳಲೂ ಬಾರದು, ಇದನ್ನು ಜೋರಾಗಿ ಹೇಳುತ್ತೇನೆ. ಬ್ಯಾಕ್ಟೀರಿಯಾದ ಹೊರಪೊರೆಯ ಎಂಡೋಟಾಕ್ಸಿನ್ ಅನ್ನುವ ಚೂರು ರಕ್ತಕ್ಕೆ ಹೋದರೆ ಚಳಿಜ್ವರ, ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ಔಷಧದ ಇನ್ಸುಲಿನ್ನಿನಲ್ಲಿ ಅದನ್ನು ತೆಗೆದು, ತೆಗೆದದ್ದಕ್ಕೆ ಸಾಕ್ಷಿ ಇಟ್ಟು, ಆಮೇಲೆ ಮಾರುತ್ತಾರೆ. ಸಂಶೋಧನೆಯ ಶೀಶೆಗೆ ಆ ಹೊಣೆ ಇಲ್ಲ. ಚೀಟಿಯ ಮೇಲಿನ ಆ ಎರಡು ಪದಕ್ಕೆ ಇಷ್ಟು ಅರ್ಥ ಇದೆ.

ಮಯೋಗ್ಲೋಬಿನ್ ರಕ್ತದಲ್ಲಿ ಜಾಸ್ತಿಯಾದರೆ ಅದೇ ಒಂದು ತೊಂದರೆ. 1941ರಲ್ಲಿ ಲಂಡನ್ನಿನಲ್ಲಿ ಬಾಂಬ್ ಬಿದ್ದು ಕುಸಿದ ಮನೆಗಳಡಿ ಸಿಕ್ಕಿಕೊಂಡವರನ್ನು ಹೊರಗೆಳೆದರು. ಬದುಕಿದರು ಅಂದುಕೊಂಡವರು ಕೆಲವು ದಿನಗಳಲ್ಲಿ ಕಿಡ್ನಿ ಕೆಟ್ಟು ಸತ್ತರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಅದನ್ನು ದಾಖಲಿಸಿದರು. ಜಜ್ಜಿದ ಸ್ನಾಯುವಿನ ಮಯೋಗ್ಲೋಬಿನ್ ಕಿಡ್ನಿಯನ್ನು ಕಟ್ಟಿಹಾಕುತ್ತದೆ. ನಮ್ಮ ಕಡೆ ಹೆಜ್ಜೇನು ನೂರಾರು ಕಚ್ಚಿದಾಗಲೂ ಹೀಗಾಗುವುದುಂಟು. ವಿಷ ಸ್ನಾಯುವನ್ನು ಒಡೆಯುತ್ತದೆ. ಮೂತ್ರ ಕರಿಕಾಫಿ ಬಣ್ಣಕ್ಕೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಕಚ್ಚಿದ ಉರಿ ಇಳಿಯಿತಲ್ಲ ಅಂತ ಮನೆಯಲ್ಲಿ ಕೂರಬಾರದು.

ಸೇರು ಸರಿ ಇದೆಯೇ ಅಂತ ನೋಡುವುದರಲ್ಲಿ ನಾವೇ ಬೇಸ್ತು ಬಿದ್ದ ಕಥೆ ಒಂದಿದೆ. ಒಂದು ಸಲ ಹೊರಗಿನಿಂದ ಮಾನವ ಮಯೋಗ್ಲೋಬಿನ್ ತರಿಸಿದ್ದೆವು. ತೂಕ ನೋಡಲು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಹಾಕಿದೆವು. ಒಂದೊಂದು ಅಣುವಿನ ತೂಕವನ್ನೂ ಹೇಳುವ ಯಂತ್ರ ಅದು. ಅಣುವಿನ ತೂಕವನ್ನು ಡಾಲ್ಟನ್‌ನಲ್ಲಿ ಹೇಳುತ್ತಾರೆ. ಮನುಷ್ಯರ ಮಯೋಗ್ಲೋಬಿನ್ ಸುಮಾರು 17,053 ಡಾಲ್ಟನ್ ಬರಬೇಕು. ಅದು ಬಂತು. ಪಕ್ಕದಲ್ಲೇ ಇನ್ನೊಂದು ಗೆರೆ, 16,951. ಈ ಸಂಖ್ಯೆ ನೋಡಿದರೆ ಈ ಕೆಲಸದವರಿಗೆಲ್ಲ ಗೊತ್ತಾಗುತ್ತದೆ. ಅದು ಕುದುರೆ! ಮಾರಿದವರು ಕುದುರೆಯದ್ದು ಬೆರೆಸಿದ್ದಾರೆ ಅಂತ ನನಗೆ ಪಿತ್ತ ನೆತ್ತಿಗೇರಿತು. ಹಾಲಿಗೆ ನೀರು ಹಾಕುವವರನ್ನು ನೋಡಿದ್ದೇವೆ, ಇದೇನು ಅಂತ ಖಾರವಾಗಿ ಒಂದು ಪತ್ರ ಬರೆದೆ. ಎರಡು ದಿನದ ಮೇಲೆ ಯಂತ್ರ ನೋಡಿಕೊಳ್ಳುವ ಹುಡುಗಿ ಬಂದು, "ಸಾರ್, ಅವತ್ತು ಬೆಳಿಗ್ಗೆ ಯಂತ್ರ ಸರಿ ಇದೆಯಾ ನೋಡೋಕೆ ನಾನೇ ಕುದುರೆ ಮಯೋಗ್ಲೋಬಿನ್ ಓಡಿಸಿದ್ದೆ. ಕೊಳವೆ ತೊಳೆದದ್ದು ಸಾಲಲಿಲ್ಲ ಅನಿಸುತ್ತೆ" ಅಂದಳು. ಯಂತ್ರ ಸರಿ ಇದೆಯೇ ಅಂತ ನೋಡಲು ಎಲ್ಲರೂ ಬಳಸುವುದು ಅದನ್ನೇ. ಅದಕ್ಕೇ ಆ ಸಂಖ್ಯೆ ನಮಗೆ ಬಾಯಿಪಾಠ. ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆದೆ. ಅದು ಮೊದಲನೆಯದಕ್ಕಿಂತ ಚಿಕ್ಕದಾಗಿತ್ತು.

ಅಳತೆಯಷ್ಟೇ ಅಲ್ಲ, ಈ ಪ್ರೋಟೀನುಗಳಿಂದ ಪ್ರಶ್ನೆಯನ್ನೂ ಕೇಳಬಹುದು. ಒಂದು ಅಕ್ಷರ ಬದಲಿಸಿದರೆ ಏನಾಗುತ್ತದೆ? 2019ರಲ್ಲಿ ಯುರೋಪಿನ ಕೆಲವು ಕುಟುಂಬಗಳಲ್ಲಿ, ನಡುವಯಸ್ಸಿನ ಹೊತ್ತಿಗೆ ಸ್ನಾಯು ಸೋಲುತ್ತಾ ಹೋಗುವ ಕಾಯಿಲೆಗೆ ಮಯೋಗ್ಲೋಬಿನ್ನಿನ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ ಕಾರಣ ಅಂತ ಗೊತ್ತಾಯಿತು. ವಿಚಿತ್ರ ಕೇಳಿ. 1998ರಲ್ಲಿ ಮಯೋಗ್ಲೋಬಿನ್ ಇಲ್ಲವೇ ಇಲ್ಲದ ಇಲಿಗಳನ್ನು ಹುಟ್ಟಿಸಿದಾಗ ಅವು ಆರಾಮಾಗಿ ಓಡಾಡಿಕೊಂಡಿದ್ದವು. ಹೃದಯ ಮಾತ್ರ ಬಿಳಿಚಿಕೊಂಡಿತ್ತು. ಇಲ್ಲದಿದ್ದರೆ ದೇಹ ಬೇರೆ ದಾರಿ ನೋಡಿಕೊಳ್ಳುತ್ತದೆ. ಕೆಟ್ಟದ್ದು ಒಳಗಿದ್ದರೆ ಕಷ್ಟ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಹೃದಯದ ಸ್ನಾಯುವಿನದು. ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ ಅಂತ ಒಂದಿದೆ. ಅದರ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ಭಾರತದವರಲ್ಲಿ 100ಕ್ಕೆ ಸುಮಾರು 4 ಜನರಲ್ಲಿ ಇದೆ ಅಂತ 2009ರಲ್ಲಿ ವರದಿಯಾಯಿತು. ಈ ಸಭೆಯಲ್ಲಿ ನೂರೈವತ್ತು ಜನ ಇದ್ದರೆ ಲೆಕ್ಕಕ್ಕೆ ಆರು ಮಂದಿ. ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಆದರೆ ಹೃದಯ ಸೋಲುವ ಸಂಭವ ಜಾಸ್ತಿ. ಯಾಕೆ ಅಂತ ತಿಳಿಯಲು ಆ ಪ್ರೋಟೀನನ್ನು ಹೊರಗೆ ಮಾಡಿ, ಸರಿ ಇರುವುದನ್ನೂ ಕೆಟ್ಟದ್ದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ರೋಗಿಯ ಹೃದಯವನ್ನಂತೂ ಕತ್ತರಿಸಿ ನೋಡಲಾಗುವುದಿಲ್ಲ.

ಬ್ಯಾಕ್ಟೀರಿಯಾ ಎಲ್ಲವನ್ನೂ ಮಾಡಿಕೊಡುತ್ತದೆ ಅಂದುಕೊಳ್ಳಬೇಡಿ. ಮಯೋಗ್ಲೋಬಿನ್ 153 ಅಮೈನೋ ಆಮ್ಲಗಳ ಪುಟ್ಟ ಸರ. ನಮ್ಮ ಸ್ನಾಯುವಿನ ಟೈಟಿನ್ ಸುಮಾರು 34,000ದ್ದು. ಅದನ್ನು ತುಂಡು ತುಂಡಾಗಿ ಮಾತ್ರ ಮಾಡಿಸಬಹುದು. ಸ್ನಾಯುವನ್ನು ಎಳೆಯುವ ಮೋಟಾರ್ ಆದ ಮಯೋಸಿನ್ ಬ್ಯಾಕ್ಟೀರಿಯಾದಲ್ಲಿ ಸರಿಯಾಗಿ ಮಡಿಸಿಕೊಳ್ಳುವುದೇ ಇಲ್ಲ. ಮಡಿಸಲು ನೆರವಾಗುವ ಪ್ರೋಟೀನ್ ಸ್ನಾಯುಕೋಶದಲ್ಲಿ ಮಾತ್ರ ಇದೆ. ಅದಕ್ಕೆ ಇಲಿಯ ಸ್ನಾಯುಕೋಶ ಬೆಳೆಸಿ ಅದರಲ್ಲಿ ಮಾಡಿಸುತ್ತಾರೆ. ಖರ್ಚು ಕೇಳಬೇಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಸೊರಬದ ಕಡೆಯ ವಿದ್ಯಾರ್ಥಿನಿ ಒಬ್ಬಳು ಮಂಗನ ಕಾಯಿಲೆಗೂ ಈ ವಿಧಾನ ಬಳಸಬಹುದೇ ಅಂತ ಕೇಳಿದಳು. 1957ರಲ್ಲಿ ಅವಳ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಗೊತ್ತಾದ ಕಾಯಿಲೆ ಅದು. ಜೀವಂತ ವೈರಸ್ ಬೆಳೆಸಲು ತುಂಬಾ ಭದ್ರವಾದ ಲ್ಯಾಬ್ ಬೇಕು. ವೈರಸ್ಸಿನ ಒಂದೇ ಪ್ರೋಟೀನನ್ನು ಹೀಗೆ ಮಾಡಿಕೊಂಡರೆ, ಯಾರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಇದೆ ಅಂತ ಅಪಾಯವಿಲ್ಲದೆ ಹುಡುಕಬಹುದು ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಅಡಿಕೆ ಮಂಡಿಯಲ್ಲಿ ಬಹಳ ಕಾಲ ಲೆಕ್ಕ ಬರೆದವರಂತೆ. "ಅಲ್ಲ ಮಾರಾಯ್ರೆ, ರಕ್ತ ಅಳೆಯೋಕೆ ನಿಮ್ಮ ಸೇರು. ಸರಿ. ನಿಮ್ಮ ಸೇರು ಅಳೆಯೋರು ಯಾರು?"

ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಬಂದಿಲ್ಲ. ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ಒಂದೊಂದೇ ಅಮೈನೋ ಆಮ್ಲಕ್ಕೆ ಒಡೆದು ಎಣಿಸುತ್ತೇವೆ ಅಂದೆ. ತೂಕ ನೋಡುತ್ತೇವೆ, ಬೆಳಕು ಎಷ್ಟು ಹೀರುತ್ತದೆ ನೋಡುತ್ತೇವೆ. ಆದರೂ ಎಲ್ಲ ಕಡೆ ಅಳತೆ ಕೂಡುವುದಿಲ್ಲ. ಈಗ ಹೃದಯಾಘಾತಕ್ಕೆ ಮಯೋಗ್ಲೋಬಿನ್ ಬದಲು ಹೃದಯದ್ದೇ ಆದ ಟ್ರೋಪೋನಿನ್ ಅನ್ನುವ ಪ್ರೋಟೀನ್ ನೋಡುತ್ತಾರೆ. ಮಯೋಗ್ಲೋಬಿನ್ ಕಾಲು ಜಜ್ಜಿದರೂ ಏರುತ್ತದೆ, ಅದಕ್ಕೆ. ಅದರ ಒಂದು ಬಗೆಯಾದ ಟ್ರೋಪೋನಿನ್ ಐ ರಕ್ತದಲ್ಲಿ ಒಂಟಿಯಾಗಿ ಇರುವುದು ಕಡಿಮೆ. ಜೋಡಿಯಾಗಿ, ತುಂಡಾಗಿ, ನಾನಾ ವೇಷದಲ್ಲಿ ಇರುತ್ತದೆ. ಬ್ಯಾಕ್ಟೀರಿಯಾ ಮಾಡಿದ ಒಂಟಿ ಟ್ರೋಪೋನಿನ್ ಅದಕ್ಕೆ ಸರಿಯಾದ ಸೇರಾಗಲಿಲ್ಲ. ಅಮೆರಿಕದ ಅಳತೆಯ ಸಂಸ್ಥೆ ಇದಕ್ಕೆ ಮಾದರಿ ಮಾಡುವಾಗ ಮನುಷ್ಯರ ಹೃದಯದಿಂದಲೇ ತೆಗೆದದ್ದನ್ನು ಆರಿಸಿಕೊಂಡಿತು. ಇವತ್ತಿಗೂ ಒಂದು ಕಂಪನಿಯ ಕಿಟ್‌ನ ಟ್ರೋಪೋನಿನ್ ಐ ಅಂಕಿಯನ್ನು ಇನ್ನೊಂದರ ಜತೆ ಹೋಲಿಸಬಾರದು.

ಅವರು ಏನೂ ಹೇಳದೆ ಕೂತರು. ಎಲ್ಲ ಎದ್ದು ಕೊಡೆ ಹುಡುಕುತ್ತಿದ್ದಾಗ ನನ್ನ ಹತ್ತಿರ ಬಂದು ಜೇಬಿನಿಂದ ಮಡಿಸಿದ ಎರಡು ಚೀಟಿ ತೆಗೆದರು. ಬೇರೆ ಬೇರೆ ಕಡೆ ಮಾಡಿಸಿದ ರಕ್ತಪರೀಕ್ಷೆ. ಮೊದಲನೆಯದರಲ್ಲಿ ಟ್ರೋಪೋನಿನ್ 0.02. ಎರಡನೆಯದರಲ್ಲಿ 18. ಟಾರ್ಚ್ ಬೆಳಕಲ್ಲಿ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿದೆವು. ಮೊದಲನೆಯದು ಮಿಲಿಲೀಟರಿಗೆ ನ್ಯಾನೊಗ್ರಾಂ. ಎರಡನೆಯದು ಲೀಟರಿಗೆ ನ್ಯಾನೊಗ್ರಾಂ. 0.02 ಅಂದರೆ ಲೀಟರಿನ ಲೆಕ್ಕದಲ್ಲಿ 20. ಕಿಟ್ ಬೇರೆ ಇರಬಹುದು, ಎರಡನ್ನೂ ಡಾಕ್ಟರಿಗೇ ತೋರಿಸಿ, ಆದರೆ ಇದು ಒಂಬೈನೂರು ಪಟ್ಟು ಏರಿದ್ದಲ್ಲ ಅಂದೆ.

ಅವರು ಚೀಟಿಗಳನ್ನು ಮತ್ತೆ ಮೊದಲಿನ ಮಡಿಕೆಯಲ್ಲೇ ಮಡಿಸಿ ಜೇಬಿಗೆ ಹಾಕಿದರು. "ಮೂರು ವಾರದಿಂದ ನಿದ್ದೆ ಇಲ್ಲ ಮಾರಾಯ್ರೆ" ಅಂದರು.